ನೀರಿನ ಟ್ಯಾಂಕಿಗೆ ಪಟ್ಟಿ ಸಾಲದು, ನೆಲ ಬೇಕು

ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿದೆ. ಚಳಿಗಾಲ ಬಂತೆಂದರೆ ಅದರ ಸುತ್ತಲಿನ ಸರ್ಕಾರಿ ಬಯಲಿನಲ್ಲಿ ಸಾವಿರಾರು ಜನ ಟ್ರಾವೆಲ್ ಟ್ರೇಲರ್‌ಗಳಲ್ಲಿ ಬೀಡುಬಿಡುತ್ತಾರೆ. ಕಾರಿನ ಅಥವಾ ಪಿಕಪ್ ಟ್ರಕ್ಕಿನ ಹಿಂದೆ ಎಳೆದೊಯ್ಯುವ ಗಾಲಿಯ ಮನೆಗಳಿವು. ಬಿಡಾರದ ಪಕ್ಕದಲ್ಲೇ ನಲ್ಲಿ ಇರುವುದಿಲ್ಲ. ಅಡುಗೆಗೆ, ಸ್ನಾನಕ್ಕೆ, ಪಾತ್ರೆ ತೊಳೆಯಲು ಬೇಕಾದ ನೀರೆಲ್ಲ ಟ್ರೇಲರಿನ ನೆಲದಡಿಯ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಬರಬೇಕು. ಟ್ರೇಲರ್ ಕೊಳ್ಳುವವರು ಸೋಫಾ ನೋಡುತ್ತಾರೆ, ಒಲೆ ನೋಡುತ್ತಾರೆ, ಹಾಸಿಗೆ ಒತ್ತಿ ನೋಡುತ್ತಾರೆ. ಬಗ್ಗಿ ಅಡಿಗೆ ಇಣುಕುವವರು ಕಡಿಮೆ. ಅಲ್ಲಿ ಟ್ಯಾಂಕನ್ನು ಎಷ್ಟು ಸಡಿಲವಾಗಿ ಕಟ್ಟಿರುತ್ತಾರೆಂದು ತಿಳಿದರೆ ಹಾಸಿಗೆಯ ಚಿಂತೆ ಬಿಟ್ಟಾರು.

40 ಗ್ಯಾಲನ್ ಹಿಡಿಯುವ ಒಂದು ಟ್ಯಾಂಕನ್ನು ಊಹಿಸಿಕೊಳ್ಳಿ. ಅಮೆರಿಕದ ಅಳತೆಯಲ್ಲಿ ಅದು ಸುಮಾರು 151 ಲೀಟರ್. ತೂಕವೂ ಅಷ್ಟೇ ಕಿಲೋ. ಉದ್ದ 1.2 ಮೀಟರ್, ಅಗಲ 60 ಸೆಂ.ಮೀ., ಎತ್ತರ 21 ಸೆಂ.ಮೀ. ಇದ್ದರೆ ಇಷ್ಟು ನೀರು ಹಿಡಿಯುತ್ತದೆ. ಇಷ್ಟು ತೂಕವನ್ನು ತೆಳುವಾದ ಎರಡು ಉಕ್ಕಿನ ಪಟ್ಟಿಗಳು ಲೀಲಾಜಾಲವಾಗಿ ಹೊರುತ್ತವೆ. ಆದರೂ ಟ್ಯಾಂಕುಗಳು ಜೋತುಬೀಳುತ್ತವೆ, ಕೆಲವೊಮ್ಮೆ ಕಳಚಿ ಅಚ್ಚಿನ ಮೇಲೋ ರಸ್ತೆಯ ಮೇಲೋ ಬೀಳುತ್ತವೆ. ಉಕ್ಕಿಗೆ ಶಕ್ತಿ ಸಾಲದೆ ಹೀಗಾಗುವುದು ಅಪರೂಪ. ತಪ್ಪಿರುವುದು ಟ್ಯಾಂಕ್ ಎಂಥ ವಸ್ತು ಎಂಬ ತಿಳಿವಳಿಕೆಯಲ್ಲಿ.

ಟ್ಯಾಂಕು ಪಾಲಿಥಿನ್‌ನದು. ಹೊರೆ ಹೊತ್ತ ಪಾಲಿಥಿನ್ ಒಮ್ಮೆ ಬಾಗಿ ಸುಮ್ಮನಾಗುವುದಿಲ್ಲ. ಹೊರೆ ಹಾಗೆಯೇ ಇದ್ದರೆ ದಿನದಿಂದ ದಿನಕ್ಕೆ ತುಸುತುಸುವೇ ಹಿಗ್ಗುತ್ತ ಹೋಗುತ್ತದೆ. ಬಿಸಿಲು ಏರಿದಷ್ಟೂ ಈ ಹಿಗ್ಗುವಿಕೆ ಚುರುಕಾಗುತ್ತದೆ. ನೀರಾದರೋ ತಳದ ಒಂದೊಂದು ಅಂಗುಲವನ್ನೂ ಸಮನಾಗಿ ಒತ್ತುತ್ತಿರುತ್ತದೆ. ಎರಡು ಪಟ್ಟಿಗಳಿದ್ದರೆ ಪಟ್ಟಿಯ ಮೇಲಿನ ಭಾಗಕ್ಕಷ್ಟೇ ಆಸರೆ, ನಡುವಿನ ಭಾಗ ಹೊಟ್ಟೆಬಿಡುತ್ತದೆ. ನಮ್ಮ ತಾರಸಿಗಳ ಮೇಲಿನ ಸಿಂಟೆಕ್ಸ್ ಟ್ಯಾಂಕುಗಳೂ ಪಾಲಿಥಿನ್‌ನವೇ. ಬುಡವಿಡೀ ಸಮತಟ್ಟಾದ ಕಟ್ಟೆಯ ಮೇಲೆ ಕೂರಬೇಕೆಂದು ಬಲ್ಲ ಪ್ಲಂಬರ್ ಹಟ ಹಿಡಿಯುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ಗಣಿತ ನೆರವಿಗೆ ಬರುತ್ತದೆ. ಸಮನಾದ ಹೊರೆ ಹೊತ್ತ ಹಲಗೆಯ ಬಾಗು ಆಸರೆಗಳ ನಡುವಿನ ಅಂತರದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂತರ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟು. ತಿರುಗಿಸಿ ಓದಿದರೆ, ಎರಡು ಆಸರೆಗಳ ನಡುವೆ ಇನ್ನೊಂದು ಅಡ್ಡಪಟ್ಟಿ ಹಾಕಿದರೂ ಸಾಕು, ಬಾಗು ಹದಿನಾರನೇ ಒಂದಕ್ಕೆ ಹತ್ತಿರ ಇಳಿಯುತ್ತದೆ. ಪಟ್ಟಿಯ ದಪ್ಪ ಹೆಚ್ಚಿಸುವುದಕ್ಕಿಂತ ಇನ್ನೊಂದು ಪಟ್ಟಿ ಸೇರಿಸುವುದು ಎಷ್ಟೋ ಲಾಭ. ಪಟ್ಟಿಗಳ ಮೇಲೆ ಒಂದು ಪ್ಲೈವುಡ್ ಹಲಗೆ ಹಾಸಿ, ಅದರ ಮೇಲೆ ಟ್ಯಾಂಕ್ ಇಟ್ಟರೆ ಇನ್ನೂ ಒಳ್ಳೆಯದು.

ಅನೇಕ ಟ್ರೇಲರ್‌ಗಳಲ್ಲಿ ಟ್ಯಾಂಕಿನ ಅಂಚುಗಳನ್ನು ಅಕ್ಕಪಕ್ಕದ ಎರಡು ಆ್ಯಂಗಲ್ ಕಬ್ಬಿಣಗಳ ಮೇಲೆ ಕೂರಿಸಿಬಿಡುತ್ತಾರೆ. ತಳ ಹೊಟ್ಟೆಬಿಟ್ಟಂತೆ ಎರಡೂ ಪಕ್ಕದ ಗೋಡೆಗಳು ಒಳಕ್ಕೆ ಸೆಳೆದುಕೊಳ್ಳುತ್ತವೆ, ಕಬ್ಬಿಣದ ಮೇಲೆ ಕೂತ ಅಂಚು ಕಿರಿದಾಗುತ್ತ ಬರುತ್ತದೆ. ಇತ್ತ ಚಾಸಿ, ಅಂದರೆ ಟ್ರೇಲರನ್ನು ಹೊರುವ ಉಕ್ಕಿನ ಚೌಕಟ್ಟು, ರಸ್ತೆಯಲ್ಲಿ ತಿರುಚಿಕೊಳ್ಳುವಾಗ ಆ ಎರಡು ಕಬ್ಬಿಣಗಳು ಪರಸ್ಪರ ದೂರ ಸರಿಯುತ್ತವೆ. ಒಂದು ದಿನ ಅಂಚು ಜಾರುತ್ತದೆ. ಆ ಕಬ್ಬಿಣಗಳು ಅಗಲದಂತೆ ಒಂದಕ್ಕೊಂದು ಬಿಗಿಯುವ ಅಡ್ಡಪಟ್ಟಿ ಇದ್ದಿದ್ದರೆ ಇದು ನಡೆಯುತ್ತಿರಲಿಲ್ಲ.

ಇದೆಲ್ಲ ನಿಂತ ಟ್ರೇಲರಿನ ಮಾತು. ಚಕ್ರ ಗುಂಡಿಗೆ ಬಿದ್ದು ಏಳುವಾಗ ಮೇಲ್ಮುಖ ವೇಗೋತ್ಕರ್ಷ ಗುರುತ್ವದ ಎರಡು ಪಟ್ಟಾದರೆ 150 ಕಿಲೋ ನೀರು ಆ ಕ್ಷಣಕ್ಕೆ 450 ಕಿಲೋದಂತೆ ಒತ್ತುತ್ತದೆ. ಮರುಭೂಮಿಯ ಮಣ್ಣುರಸ್ತೆಯಲ್ಲಿ ಸಾಲುಸಾಲು ಏಣುಗಳಿರುತ್ತವೆ. ಮುಕ್ಕಾಲು ಮೀಟರಿಗೊಂದು ಏಣು, ಗಂಟೆಗೆ 36 ಕಿ.ಮೀ. ವೇಗ ಎಂದು ಹಿಡಿದರೆ ಸೆಕೆಂಡಿಗೆ 13 ಪೆಟ್ಟು, ಗಂಟೆಗೆ 48,000. ಲೋಹ ದಣಿಯುವುದು ಹೀಗೆ. ಉದ್ದಕ್ಕೂ ತೂತುಗಳಿರುವ, ಪೈಪು ಕಟ್ಟುವ ಪಟ್ಟಿಯನ್ನು ಟ್ಯಾಂಕಿಗೆ ಬಳಸಬಾರದೆನ್ನುವುದು ಇದಕ್ಕೇ. ಎಳೆತಕ್ಕೊಳಗಾದ ಅಗಲ ತಗಡಿನಲ್ಲಿ ಒಂದು ದುಂಡು ತೂತಿನ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆಂದು ಜರ್ಮನ್ ಎಂಜಿನಿಯರ್ ಕಿರ್ಷ್ 1898ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಬಿರುಕು ಹುಟ್ಟುವುದು ಆ ಅಂಚಿನಲ್ಲಿ. ತಾನೇ ದಾರಿ ಕೊರೆದುಕೊಂಡು ಹೋಗುವ ಸ್ಕ್ರೂಗಳೂ ಈ ಅದುರಾಟಕ್ಕೆ ಸಡಿಲವಾಗುತ್ತವೆ. ಈಚೆಯಿಂದ ಆಚೆಗೆ ತೂರಿಹೋಗುವ ಬೋಲ್ಟ್, ಒಳಗೆ ನೈಲಾನ್ ಉಂಗುರವಿರುವ ನಟ್ ಇದ್ದರೆ ನಿಶ್ಚಿಂತೆ.

ಅರ್ಧ ತುಂಬಿದ ಟ್ಯಾಂಕಿನ ತೂಕ ಅರ್ಧ, ಆದರೆ ತಂಟೆ ಬೇರೆ. ನೀರಿಗೆ ಓಡಾಡಲು ಜಾಗ ಸಿಗುತ್ತದೆ. ನಮ್ಮ ಅಳತೆಯ ಟ್ಯಾಂಕಿನಲ್ಲಿ ಅಲೆ ಒಂದು ತುದಿಯಿಂದ ಹೊರಟು ಇನ್ನೊಂದಕ್ಕೆ ಬಡಿದು ಮರಳಲು ಸುಮಾರು ಎರಡೂವರೆ ಸೆಕೆಂಡು ಬೇಕು. ಆದ್ದರಿಂದ ಟ್ಯಾಂಕನ್ನು ಕೆಳಗಿನಿಂದ ಹೊತ್ತರೆ ಸಾಲದು, ಹಿಂದೆಮುಂದೆ ಸರಿಯದಂತೆ ತಡೆಯೂ ಬೇಕು. ಹಾಗೆಂದು ಬಿಗಿದು ಕೂರಿಸಬಾರದು. ಉಷ್ಣತೆ 40 ಡಿಗ್ರಿ ಏರಿದರೆ 1.2 ಮೀಟರ್ ಪಾಲಿಥಿನ್ ಸುಮಾರು 7 ಮಿ.ಮೀ. ಬೆಳೆಯುತ್ತದೆ, ಅಷ್ಟೇ ಉದ್ದದ ಉಕ್ಕು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ತಡೆಗೂ ಟ್ಯಾಂಕಿಗೂ ನಡುವೆ ರಬ್ಬರ್ ಪಟ್ಟಿಯಿದ್ದರೆ ಬೆಳೆಯಲು ಜಾಗವೂ ಆಯಿತು, ಉಕ್ಕಿನ ಅಂಚು ಪ್ಲಾಸ್ಟಿಕ್ಕನ್ನು ಉಜ್ಜುವುದೂ ತಪ್ಪಿತು.

ನನಗೆ ಅತ್ಯಂತ ಕುತೂಹಲದ ಸಂಗತಿ ಮಾತ್ರ ರಸ್ತೆಯದಲ್ಲ, ನೀರು ತುಂಬುವ ಹೊತ್ತಿನದು. ಟ್ಯಾಂಕಿಗೆ ಗಾಳಿ ಹೊರಹೋಗುವ ಸಣ್ಣ ಕೊಳವೆ ಇರುತ್ತದೆ. ಅದು ಕಸದಿಂದಲೋ ಜೇಡನ ಬಲೆಯಿಂದಲೋ ಕಟ್ಟಿಕೊಂಡಿದೆ ಎನ್ನಿ. ತುಂಬುವ ಬಾಯಿ ಟ್ಯಾಂಕಿಗಿಂತ 70 ಸೆಂ.ಮೀ. ಮೇಲಿದ್ದು, ಅಲ್ಲಿಯವರೆಗೆ ನೀರು ನಿಂತರೆ ಒಳಗಿನ ಒತ್ತಡ ಚದರ ಇಂಚಿಗೆ ಒಂದು ಪೌಂಡಿನಷ್ಟು ಏರುತ್ತದೆ. ಸೈಕಲ್ ಟಯರಿಗೆ ಇದು ಗಾಳಿಯೇ ಅಲ್ಲ. ಆದರೆ ನಮ್ಮ ಟ್ಯಾಂಕಿನ ತಳ 0.72 ಚದರ ಮೀಟರ್. ಗುಣಿಸಿ ನೋಡಿದರೆ ಸುಮಾರು 500 ಕಿಲೋ ತೂಕದ ಬಲ! ಅಷ್ಟೇ ಬಲ ಮೇಲ್ಭಾಗವನ್ನೂ ಒತ್ತುತ್ತದೆ. ಟ್ಯಾಂಕು ಮೇಲಕ್ಕೂ ಕೆಳಕ್ಕೂ ಉಬ್ಬಿ, ಟ್ರೇಲರಿನ ನೆಲಕ್ಕೂ ಕೆಳಗಿನ ಪಟ್ಟಿಗಳಿಗೂ ನಡುವೆ ಜಾಕ್‌ನಂತೆ ನಿಲ್ಲುತ್ತದೆ. ಸ್ಕ್ರೂಗಳು ಕಿತ್ತು ಬರುತ್ತವೆ. ರಸ್ತೆಯ ಪೆಟ್ಟೆಂದು ಬೈಸಿಕೊಳ್ಳುವ ಎಷ್ಟೋ ಹಾನಿಗಳು ಟ್ರೇಲರ್ ನಿಂತಲ್ಲೇ ಆಗಿರಬಹುದು.

ಟ್ರೇಲರಿನ ಅಡಿಭಾಗವನ್ನು ಅಲೆಅಲೆಯಾದ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿರುವುದುಂಟು. ಅದು ಕೆಸರು, ಗಾಳಿ ತಡೆಯುವ ಹೊದಿಕೆ, ಆಸರೆಯಲ್ಲ. ಟ್ಯಾಂಕ್ ತುಂಬಿದಾಗ ಆ ಹಾಳೆ ಒಂದೇ ಕಡೆ ಉಬ್ಬಿ ಕಂಡರೆ, ಕೈಯಿಟ್ಟು ಒತ್ತಿದಾಗ ಮೆತ್ತಗಿರದೆ ಗಟ್ಟಿಯಾಗಿ ತಾಗಿದರೆ, ಟ್ಯಾಂಕ್ ಆಗಲೇ ಅದರ ಮೇಲೆ ಕೂತಿದೆ ಎಂದು ಅನುಮಾನಿಸಬೇಕು. ಮೊದಲು ನೀರು ಖಾಲಿ ಮಾಡಿ, ಆಮೇಲೆ ಹಾಳೆ ಬಿಚ್ಚಬೇಕು. ಅಡಿಯಲ್ಲಿ ಮಲಗಿರುವವರ ಎದೆಯ ಮೇಲೆ 150 ಕಿಲೋ ಇಳಿದರೆ ಕಷ್ಟ. ಹೊಸ ಅಡ್ಡಪಟ್ಟಿಗೆ ಚಾಸಿಯಲ್ಲಿ ತೂತು ಕೊರೆಯುವುದಾದರೆ ‘ಐ’ ಆಕಾರದ ತೊಲೆಯ ನಡುಗೋಡೆಯಲ್ಲಿ ಕೊರೆಯಬೇಕು. ಬಾಗುವ ತೊಲೆಯ ಒತ್ತಡವೆಲ್ಲ ಸೇರುವುದು ಮೇಲಿನ ಮತ್ತು ಕೆಳಗಿನ ಪಟ್ಟಿಗಳಲ್ಲಿ. ನಡುಮಟ್ಟದಲ್ಲಿ ಅದು ಸೊನ್ನೆಗೆ ಹತ್ತಿರ. ಕೈಗೆ ಸುಲಭವಾಗಿ ಸಿಗುವುದು ಕೆಳಪಟ್ಟಿಯೇ ಆದ್ದರಿಂದ ಅವಸರದವರು ಅಲ್ಲೇ ಡ್ರಿಲ್ ಇಡುತ್ತಾರೆ.