ನಾಲ್ಕೂ ಬದಿ ಅಳೆದರೆ ಓರೆ ಸೈಟಿನ ವಿಸ್ತೀರ್ಣ ಸಿಗುತ್ತದೆಯೇ?

ಪ್ರಶ್ನೆ: ಬೆಂಗಳೂರಿನ ಹೊರವಲಯದಲ್ಲಿ ಒಂದು ಓರೆ ಸೈಟು ನೋಡಿದ್ದೇವೆ. ಮುಂದೆ 30 ಅಡಿ, ಹಿಂದೆ 24, ಎಡಕ್ಕೆ 48, ಬಲಕ್ಕೆ 50. ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸಿ 1,323 ಚದರ ಅಡಿ ಎಂದು ಮಾರುವವರು ಹೇಳುತ್ತಿದ್ದಾರೆ. ಇದು ಸರಿಯೇ? ನಡುವೆ ಶೆಡ್ ಇರುವುದರಿಂದ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಲಾಗದು.

ಉತ್ತರ: ಸರಿಯಲ್ಲ. ಸರಾಸರಿಯ ಲೆಕ್ಕ ನಿಖರವಾಗಿ ಹೊಂದುವುದು ಆಯತಕ್ಕೆ ಮಾತ್ರ. ಉಳಿದ ಯಾವ ನಾಲ್ಕು ಬದಿಯ ಜಾಗಕ್ಕೆ ಹಚ್ಚಿದರೂ ಅದು ಇರುವುದಕ್ಕಿಂತ ಹೆಚ್ಚನ್ನೇ ತೋರಿಸುತ್ತದೆ. ಎಂದರೆ ನಷ್ಟ ಯಾವಾಗಲೂ ಕೊಳ್ಳುವವರಿಗೇ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಈ ಸೂತ್ರವನ್ನು ಕೊಟ್ಟಾಗಲೇ ಇದನ್ನು ಸ್ಥೂಲವೆಂದು ಕರೆದಿದ್ದ.

ಮೂರು ಬದಿ ಗೊತ್ತಾದರೆ ತ್ರಿಭುಜ ಅಲುಗಾಡುವುದಿಲ್ಲ; ನಾಲ್ಕು ಬದಿಯ ಆಕೃತಿ ಹಾಗಲ್ಲ. ಮೂಲೆಗಳಲ್ಲಿ ಒಂದೊಂದೇ ಮೊಳೆ ಹೊಡೆದ ಮರದ ಚೌಕಟ್ಟನ್ನು ಪಕ್ಕಕ್ಕೆ ಒತ್ತಿ ನೋಡಿ: ಬದಿಗಳ ಉದ್ದ ಹಾಗೇ ಇರುತ್ತದೆ, ಒಳಗಿನ ಜಾಗ ಕುಗ್ಗುತ್ತಾ ಹೋಗುತ್ತದೆ. ಲಂಬವನ್ನಾಗಲಿ ಕರ್ಣವನ್ನಾಗಲಿ (ಮೂಲೆಯಿಂದ ಎದುರು ಮೂಲೆಗಿರುವ ಗೆರೆ) ಹೇಳದೆ ಚತುರ್ಭುಜದ ಕ್ಷೇತ್ರಫಲ ಕೇಳುವವನನ್ನು 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯ ಪಿಶಾಚಿ ಎಂದೇ ಬೈದಿದ್ದಾನೆ. ಆ ಸಿಟ್ಟು ನನಗೆ ನ್ಯಾಯವೆನಿಸುತ್ತದೆ.

ಕರ್ಣ ಅಳೆಯಲಾಗದಿದ್ದರೆ ಒಂದು ಕೋನ ಸಾಕು, ಅದಕ್ಕೂ ಟೇಪೇ ಸಾಕು. ಮುಂದಿನ ಎಡ ಮೂಲೆಯಿಂದ ಎರಡೂ ಬದಿಯ ಮೇಲೆ ಸರಿಯಾಗಿ 10 ಅಡಿಗೆ ಗುರುತು ಹಾಕಿ, ಎರಡು ಗುರುತುಗಳ ನಡುವಿನ ಅಂತರ ಅಳೆಯಿರಿ. ಮೂಲೆ ಲಂಬಕೋನವಾಗಿದ್ದರೆ 14.14 ಅಡಿ ಬರಬೇಕು. ನಿಮಗೆ 12 ಅಡಿ ಬಂತೆನ್ನಿ. ಅದರ ಅರ್ಧ 6. ಅದನ್ನು 10ರಿಂದ ಭಾಗಿಸಿದರೆ 0.6, ಇದು ಅರ್ಧ ಕೋನದ ಸೈನ್. ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ನೋಡಿದರೆ ಪೂರ್ತಿ ಕೋನ ಸುಮಾರು 73.7 ಡಿಗ್ರಿ, ಅದರ ಸೈನ್ 0.96, ಕೊಸೈನ್ 0.28.

ತ್ರಿಭುಜದ ವಿಸ್ತೀರ್ಣವೆಂದರೆ ಎರಡು ಬದಿಗಳ ಗುಣಲಬ್ಧದ ಅರ್ಧವನ್ನು ನಡುವಿನ ಕೋನದ ಸೈನಿನಿಂದ ಗುಣಿಸಿದ್ದು. ಮೊದಲ ತ್ರಿಭುಜ: 30 × 48 ÷ 2 × 0.96 = 691.2. ಇನ್ನು ಶೆಡ್ಡಿನಡಿ ಅಡಗಿರುವ ಕರ್ಣ. ಕೊಸೈನ್ ನಿಯಮದಂತೆ ಅದರ ವರ್ಗ 30² + 48² − 2 × 30 × 48 × 0.28 = 2,397.6, ಕರ್ಣ ಸುಮಾರು 48.97 ಅಡಿ. ಈಗ 50, 24, 48.97 ಬದಿಗಳ ಎರಡನೆಯ ತ್ರಿಭುಜಕ್ಕೆ ಅದೇ ನಿಯಮವನ್ನು ತಿರುಗಿಸಿ ಹಚ್ಚಿದರೆ ಹಿಂದಿನ ಬಲ ಮೂಲೆಯ ಕೊಸೈನ್ 0.283, ಸೈನ್ 0.959, ವಿಸ್ತೀರ್ಣ 575.5. ಒಟ್ಟು ಸುಮಾರು 1,267. ಅವರು ಹೇಳಿದ್ದಕ್ಕಿಂತ 56 ಚದರ ಅಡಿ ಕಡಿಮೆ!

ಒಂದನ್ನು ಅಳೆದು ಉಳಿದದ್ದನ್ನು ಕೋನಗಳಿಂದ ಪಡೆಯುವ ಈ ದಾರಿಯನ್ನೇ ಹಿಡಿದು, 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಮುಂದೆ ದಕ್ಷಿಣ ಭಾರತವನ್ನೇ ತ್ರಿಭುಜಗಳಲ್ಲಿ ಹಿಡಿದಿಟ್ಟ.

ಟೇಪು ಜೋಲದಂತೆ ಎಳೆದು ಹಿಡಿಯಿರಿ. ಆ 12 ಅಡಿಯಲ್ಲಿ ಒಂದು ಇಂಚು ತಪ್ಪಿದರೂ ವಿಸ್ತೀರ್ಣ ನಾಲ್ಕು ಚದರ ಅಡಿಯಷ್ಟು ಆಚೀಚೆಯಾಗುತ್ತದೆ. ತಾಳೆ ನೋಡಲು ಹಿಂದಿನ ಬಲ ಮೂಲೆಯಲ್ಲೂ ಹೀಗೇ 10 ಅಡಿಯ ಗುರುತು ಹಾಕಿ: ಅಲ್ಲಿ 12 ಅಡಿಗೆ ಕಾಲು ಇಂಚು ಕಡಿಮೆ ಬರಬೇಕು. ಬರದಿದ್ದರೆ ನಾಲ್ಕು ಬದಿಗಳಲ್ಲೋ ಮೂಲೆಯ ಗುರುತುಗಳಲ್ಲೋ ಯಾವುದೋ ಒಂದರ ಅಳತೆ ತಪ್ಪಿದೆ. ಕ್ರಯಪತ್ರಕ್ಕೆ ಸಹಿ ಹಾಕುವ ಮೊದಲು ಮತ್ತೆ ಅಳೆಸಿ.