ಗುರುತು ಹಾಕಿದ ಔಷಧಿ ಬಾಟಲಿಯಲ್ಲೇ ಕೆಟ್ಟರೆ?

ದಾವಣಗೆರೆಯ ಫಾರ್ಮಸಿ ವಿದ್ಯಾರ್ಥಿಗಳನ್ನು ಯಾವುದಾದರೂ ಮಾತ್ರೆಯ ಬಗ್ಗೆ ಕೇಳಿ ನೋಡಿ. ಲಿವರ್‌ನಲ್ಲಿ ಏನಾಗುತ್ತದೆ, ಮೂತ್ರದಲ್ಲಿ ಎಷ್ಟು ಪಾಲು ಹೋಗುತ್ತದೆ ಅಂತ ಪಟಪಟ ಹೇಳುತ್ತಾರೆ. ಎಷ್ಟೋ ಔಷಧಿಗಳ ಈ ಲೆಕ್ಕ ಸಿಕ್ಕಿದ್ದು ವಿಕಿರಣದ ಗುರುತು ಹಾಕಿದ, ಅಂದರೆ ಎಲ್ಲಿಗೆ ಹೋದರೂ ಪತ್ತೆಯಾಗಲೆಂದು ವಿಕಿರಣ ಸೂಸುವ ಪರಮಾಣು ಕೂರಿಸಿದ ಅಣುಗಳಿಂದ. ಅಂಥ ಅಣು ತಯಾರಿಸುವುದು ಎಷ್ಟು ಕಷ್ಟವೋ, ಕೆಡದಂತೆ ಇಡುವುದೂ ಅಷ್ಟೇ ಕಷ್ಟ.

1923ರಲ್ಲಿ ಜಾರ್ಜ್ ಡಿ ಹೆವೆಸಿ ವಿಕಿರಣ ಸೂಸುವ ಸೀಸವನ್ನು ಬೀನ್ಸ್ ಗಿಡಕ್ಕೆ ಕೊಟ್ಟು, ಅದು ಬೇರಿನಿಂದ ಎಲ್ಲಿಗೆ ಹೋಯಿತೆಂದು ಹುಡುಕಿದರು. ಆದರೆ ಔಷಧಿಗಳಿಗೆ ಬೇಕಿದ್ದುದು ಕಾರ್ಬನ್. 1940ರಲ್ಲಿ ಬರ್ಕ್ಲಿಯಲ್ಲಿ ಮಾರ್ಟಿನ್ ಕಾಮೆನ್, ಸ್ಯಾಮ್ ರೂಬೆನ್ ವಿಕಿರಣ ಸೂಸುವ ಕಾರ್ಬನ್ ಆದ ಕಾರ್ಬನ್-14 ಕಂಡುಹಿಡಿದರು. 1946ರಿಂದ ಅಮೆರಿಕದ ಓಕ್ ರಿಜ್ ರಿಯಾಕ್ಟರಿನಿಂದ ಅದು ಹೊರಗಿನ ಸಂಶೋಧಕರಿಗೂ ಸಿಗತೊಡಗಿತು.

ಕೈಗೆ ಬರುವುದು ಸಾಮಾನ್ಯವಾಗಿ ಬೇರಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿ. ಅದರಿಂದ ಕಾರ್ಬನ್ ಡೈಆಕ್ಸೈಡ್ ಬಿಡಿಸಿ, ಒಂದೊಂದೇ ಹಂತದಲ್ಲಿ ಅಣು ಕಟ್ಟಬೇಕು. ಗುರುತನ್ನು ಎಲ್ಲೆಂದರಲ್ಲಿ ಕೂರಿಸುವಂತಿಲ್ಲ. ದೇಹ ಕತ್ತರಿಸಿಹಾಕುವ ತುದಿಯಲ್ಲಿ ಕೂರಿಸಿದರೆ ಗುರುತು ಉಸಿರಿನಲ್ಲಿ ಹೊರಟುಹೋಗಬಹುದು, ಔಷಧಿ ಒಳಗೇ ಉಳಿಯಬಹುದು.

ಕಾರ್ಬನ್-14ರ ಅರ್ಧಾಯುಷ್ಯ, ಅಂದರೆ ಅದರ ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 5,730 ವರ್ಷ. ಬಾಟಲಿ ಎಷ್ಟು ದಿನ ಇಟ್ಟರೂ ನಡೆಯುತ್ತೆ ಅನ್ನಿಸುತ್ತದೆ, ಅಲ್ವಾ? ನಡೆಯುವುದಿಲ್ಲ. ಗುರುತು ಹಾಕಿಟ್ಟ ಪದಾರ್ಥಗಳು ತಮ್ಮದೇ ವಿಕಿರಣದಿಂದ ಕೆಡುತ್ತಿವೆ ಎಂದು 1953ರಲ್ಲಿ ಬರ್ಕ್ಲಿಯದೇ ಒಂದು ತಂಡ ವರದಿ ಮಾಡಿತು. ವಿಕಿರಣ ಸೂಸುವ ಹೈಡ್ರೋಜನ್ ಆದ ಟ್ರಿಟಿಯಂ ಗುರುತಿನದು ಇನ್ನೂ ಜಾಸ್ತಿ ಕಾಟ. ಅದು ಸೂಸುವ ಬೀಟಾ ಕಣ (ವೇಗದ ಎಲೆಕ್ಟ್ರಾನ್) ನೀರಿನಲ್ಲಿ ಕೆಲವೇ ಮೈಕ್ರೋಮೀಟರ್ ಸಾಗುತ್ತದೆ. ಶಕ್ತಿಯೆಲ್ಲ ಬಾಟಲಿಯೊಳಗೇ ಖರ್ಚಾಗಿ, ಅಕ್ಕಪಕ್ಕದ ಅಣುಗಳು ಒಡೆಯುತ್ತವೆ.

ತೆಳುವಾಗಿಸಿ ಇಡುವುದು, ನೀರಿಗೆ ಸ್ವಲ್ಪ ಎಥನಾಲ್ ಸೇರಿಸುವುದು, ತಂಪಿನಲ್ಲಿಡುವುದು ಇದಕ್ಕೆ ಕಂಡುಕೊಂಡ ದಾರಿ. ಹಾಗಂತ ನೀರಿನಲ್ಲಿ ಕರಗಿಸಿದ ಟ್ರಿಟಿಯಂ ಔಷಧಿಯನ್ನು ಮೈನಸ್ 20 ಡಿಗ್ರಿಯ ಫ್ರೀಜರಿಗೆ ಸುಮ್ನೆ ತಳ್ಳಬಾರದು. ನಿಧಾನವಾಗಿ ಹೆಪ್ಪುಗಟ್ಟುವಾಗ ನೀರು ಮೊದಲು ಗಡ್ಡೆಯಾಗಿ, ಔಷಧಿಯೆಲ್ಲ ಒಂದೆಡೆ ಗುಂಪುಗೂಡಿ, ಬೇಗ ಕೆಡುತ್ತದೆ. ಹೆಪ್ಪುಗಟ್ಟದಂತೆ 2 ಡಿಗ್ರಿಯಲ್ಲಿಡಬೇಕು, ಇಲ್ಲವೇ ದ್ರವ ನೈಟ್ರೋಜನ್‌ನ ಚಳಿಗೆ ಹಾಕಬೇಕು.

ಚಳ್ಳಕೆರೆ ಬಳಿ ಪರಮಾಣು ಶಕ್ತಿ ಇಲಾಖೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ (ಬಾರ್ಕ್) ಜಾಗ ಕೊಟ್ಟ ಮೇಲೆ ನಮ್ಮ ಕಡೆ ಪರಮಾಣು ಅಂದರೆ ಯುರೇನಿಯಂ ಮಾತೇ ಜಾಸ್ತಿ. ಅದೇ ಇಲಾಖೆಯ ಬ್ರಿಟ್ (ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿ) 1989ರಿಂದ ಇಂಥ ವಿಕಿರಣ ಸೂಸುವ ಐಸೊಟೋಪ್‌ಗಳನ್ನು ಒದಗಿಸುತ್ತಿದೆ ಎಂಬುದನ್ನೂ ನಮ್ಮ ಮಕ್ಕಳಿಗೆ ಹೇಳಬೇಕು. ಪ್ರಯೋಗದ ಮೊದಲು ಕ್ರೊಮ್ಯಾಟೋಗ್ರಫಿಯಲ್ಲಿ, ಅಂದರೆ ಬೆರೆತ ಪದಾರ್ಥಗಳನ್ನು ಬೇರ್ಪಡಿಸುವ ವಿಧಾನದಲ್ಲಿ, ಶುದ್ಧತೆ ನೋಡುವುದನ್ನೂ ಕಲಿಸಬೇಕು. ಬಾಟಲಿಯಲ್ಲಿ ಶೇಕಡಾ 5ರಷ್ಟು ಕೆಟ್ಟಿದ್ದರೆ, ಮೂತ್ರದಲ್ಲಿ ಸಿಕ್ಕ ಶೇಕಡಾ 5 ಔಷಧಿಯದೋ, ಕೆಟ್ಟ ಚೂರಿನದೋ ಹೇಳಲು ಬರುವುದಿಲ್ಲ.