ಅಣ್ಣನ ಟ್ರ್ಯಾಕ್ಟರ್, ನನ್ನ ಸ್ಕೋರ್

ಪ್ರಶ್ನೆ: ನಾನು ಈವರೆಗೆ ಬ್ಯಾಂಕಿನಿಂದ ಸಾಲ ತೆಗೆದವನಲ್ಲ. ಇರುವುದು ಒಂದೇ ಕ್ರೆಡಿಟ್ ಕಾರ್ಡ್. ಅದರ ಬಿಲ್ ಒಂದು ದಿನವೂ ತಡವಾಗಿಲ್ಲ. ಮನೆ ಸಾಲಕ್ಕೆ ಹೋದರೆ ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎಂದು ವಾಪಸ್ ಕಳುಹಿಸಿದರು. ಊರಿನಲ್ಲಿ ಅಣ್ಣನ ಟ್ರ್ಯಾಕ್ಟರ್ ಸಾಲಕ್ಕೆ ನಾನು ಜಾಮೀನು ಹಾಕಿದ್ದೇ ಕಾರಣವಂತೆ. ಅವನ ಸಾಲಕ್ಕೂ ನನ್ನ ಸ್ಕೋರಿಗೂ ಏನು ಸಂಬಂಧ?

ಉತ್ತರ: ನಿಮ್ಮ ಸಹಿಯೇ ಸಂಬಂಧ. ‘ಸುಮ್ಮನೆ ಒಂದು ಸಹಿ, ನಿನ್ನ ಕೈಯಿಂದ ಏನೂ ಹೋಗುವುದಿಲ್ಲ’ ಎಂದು ಹೇಳಿಯೇ ನಮ್ಮಲ್ಲಿ ಜಾಮೀನು ಹಾಕಿಸಿಕೊಳ್ಳುವುದು. ಕಾನೂನಿನ ಮಾತು ಬೇರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅಣ್ಣನ ಹಿಂದೆ ಓಡಾಡಿ ಸುಸ್ತಾದ ಮೇಲೆಯೇ ಬ್ಯಾಂಕಿನವರು ನಿಮ್ಮ ಬಾಗಿಲಿಗೆ ಬರಬೇಕೆಂಬ ನಿಯಮವೂ ಇಲ್ಲ.

ವನಸ್ಪತಿಗೆಲ್ಲ ಡಾಲ್ಡಾ ಎಂದಂತೆ, ಸಾಲ ತೀರಿಸುವ ನಡತೆಗೆ ಕೊಡುವ ಎಲ್ಲ ಸ್ಕೋರನ್ನೂ ನಾವು ಸಿಬಿಲ್ ಎನ್ನುತ್ತೇವೆ. ನಿಜಕ್ಕೂ ಈ ಲೆಕ್ಕ ಇಡುವ ಕಂಪನಿಗಳು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಸ್ಕೋರ್ 300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ಸಾಮಾನ್ಯವಾಗಿ ತಕರಾರು ಬರುವುದಿಲ್ಲ. ಅನೇಕ ಬ್ಯಾಂಕುಗಳು ಮನೆ ಸಾಲದ ಬಡ್ಡಿ ದರವನ್ನೂ ಇದಕ್ಕೇ ಜೋಡಿಸಿರುವುದರಿಂದ, ಇಪ್ಪತ್ತು ವರ್ಷದ ಸಾಲದಲ್ಲಿ ಈ ಅಂಕಿಯ ಬೆಲೆ ಲಕ್ಷಗಳಲ್ಲಿ ಇರಬಹುದು. ನಿಮ್ಮ ಸಂಬಳ, ಠೇವಣಿ, ಊರಿನ ತೋಟ ಯಾವುದೂ ಆ ಲೆಕ್ಕಕ್ಕೆ ಬರುವುದಿಲ್ಲ. ನೀವು ಹೊತ್ತ ಸಾಲದ ಕಂತು ಹೇಳಿದ ದಿನಕ್ಕೆ ಬಂತೇ ಎಂಬುದೇ ಅದರಲ್ಲಿ ಎಲ್ಲಕ್ಕಿಂತ ದೊಡ್ಡದು. ಜಾಮೀನು ಹಾಕಿದ ಸಾಲವೂ ಹೊತ್ತ ಸಾಲವೇ ಆದ್ದರಿಂದ, ಅಣ್ಣನ ಖಾತೆ ನಿಮ್ಮ ವರದಿಯಲ್ಲೂ ‘ಗ್ಯಾರಂಟರ್’ ಎಂಬ ಗುರುತಿನೊಂದಿಗೆ ಕೂತಿರುತ್ತದೆ. ಟ್ರ್ಯಾಕ್ಟರ್ ಸಾಲದ ಕಂತು ಹೆಚ್ಚಾಗಿ ಬೆಳೆಯ ಲೆಕ್ಕದಲ್ಲಿ ಆರು ತಿಂಗಳಿಗೊಮ್ಮೆ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಅಣ್ಣ ಕಂತು ತಪ್ಪಿಸಿದರೆ, ಬೆಂಗಳೂರಿನಲ್ಲಿರುವ ತಮ್ಮನಿಗೆ ಅದು ತಿಳಿಯುವುದು ಹೀಗೆ, ಅರ್ಜಿ ಹಾಕಿದ ದಿನ.

ಮೊದಲು ವರದಿ ತರಿಸಿಕೊಳ್ಳಿ. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ನಿಮ್ಮ ಸ್ಕೋರನ್ನು ನೀವೇ ನೋಡಿದರೆ ಅದು ಕಡಿಮೆಯಾಗುತ್ತದೆ ಎಂಬುದು ಸುಳ್ಳು. ಹತ್ತು ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಕಡಿಮೆಯಾಗಬಹುದು, ಅದು ಬೇರೆ ವಿಷಯ. ವರದಿಯಲ್ಲಿ ಟ್ರ್ಯಾಕ್ಟರ್ ಸಾಲದ ಬಾಕಿ ಎಷ್ಟು, ಯಾವ ತಿಂಗಳು ಎಷ್ಟು ದಿನ ತಡ ಎಂಬುದೆಲ್ಲ ಕಾಣುತ್ತದೆ. ಕಟ್ಟಿದ ಕಂತನ್ನೇ ಸುಸ್ತಿ ಎಂದು ತೋರಿಸಿದ್ದರೆ ದೂರು ಕೊಡಿ. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಸುಸ್ತಿ ನಿಜವೇ ಆಗಿದ್ದರೆ ಬಾಕಿ ಕಟ್ಟುವುದೊಂದೇ ದಾರಿ. ಇಲ್ಲಿ ಒಂದು ಎಚ್ಚರಿಕೆ. ‘ಇಷ್ಟು ಕಟ್ಟಿ, ಉಳಿದದ್ದು ಬಿಟ್ಟುಬಿಡುತ್ತೇವೆ’ ಎಂಬ ರಾಜಿ ಕೇಳಲು ಇಂಪಾಗಿರುತ್ತದೆ. ಆದರೆ ವರದಿಯಲ್ಲಿ ಆಗ ‘ಕ್ಲೋಸ್ಡ್’ ಎಂದು ಬರುವುದಿಲ್ಲ, ‘ಸೆಟಲ್ಡ್’ ಎಂದು ಬರುತ್ತದೆ. ಮುಂದೆ ಸಾಲ ಕೊಡುವವರು ಅದನ್ನು ಪೂರ್ತಿ ತೀರಿಸದೆ ಕೈತೊಳೆದುಕೊಂಡದ್ದು ಎಂದೇ ಓದುತ್ತಾರೆ. ಬಾಕಿ ಕಟ್ಟಿದ ಸುದ್ದಿ ಬೇಗ ತಲುಪುತ್ತದೆ, ಏಕೆಂದರೆ 2025ರ ಜನವರಿಯಿಂದ ಬ್ಯಾಂಕುಗಳು ಈ ಕಂಪನಿಗಳಿಗೆ ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಮಾಹಿತಿ ಕಳುಹಿಸಬೇಕಾಗಿದೆ. ಹಳೆಯ ವಿಳಂಬದ ಗುರುತು ಮಾತ್ರ ಅಷ್ಟು ಬೇಗ ಹೋಗುವುದಿಲ್ಲ.

ಜಾಮೀನಿನಿಂದ ಹೊರಬರಬಹುದೇ ಎಂದು ಕೇಳುತ್ತೀರಿ. ಬ್ಯಾಂಕು ಒಪ್ಪಿದರೆ ಬರಬಹುದು. ಅದು ಒಪ್ಪಬೇಕಾದರೆ ಅಣ್ಣ ಬೇರೆ ಜಾಮೀನುದಾರನನ್ನೋ ಆಸ್ತಿಯ ಭದ್ರತೆಯನ್ನೋ ಸಾಮಾನ್ಯವಾಗಿ ಒದಗಿಸಬೇಕು. ಈಗ ಹಾಗೆ ಮುಂದೆ ಬರುವವರು ಯಾರು?

ಬಾಕಿಯನ್ನು ನೀವೇ ಕಟ್ಟಬೇಕಾಗಿ ಬಂದರೆ, ಆ ಹಣವನ್ನು ಅಣ್ಣನಿಂದ ವಸೂಲಿ ಮಾಡುವ ಹಕ್ಕನ್ನು ಅದೇ ಕಾಯ್ದೆಯ 145ನೇ ಸೆಕ್ಷನ್ ನಿಮಗೆ ಕೊಡುತ್ತದೆ. ಒಡಹುಟ್ಟಿದವನ ಮೇಲೆ ದಾವೆ ಹೂಡುವಷ್ಟು ದೂರ ಹೋಗಬೇಕೇ ಎಂಬುದು ನಿಮ್ಮ ಮನೆಯ ವಿಚಾರ. ಹಣವನ್ನು ಮಾತ್ರ ಅವರ ಕೈಗೆ ಕೊಟ್ಟು ಕಟ್ಟಿಸಬೇಡಿ. ನಿಮ್ಮ ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಹಾಕಿ ರಸೀದಿ ಇಟ್ಟುಕೊಳ್ಳಿ.